ಕಡಲಾಚೆಯ ರಿಜಿಸ್ಟರಿನಲ್ಲಿ ಒಂದು ಹೆಸರು

ಮಂಚದ ಮೇಲೆ ಮಲಗಿರುವುದು ಗೊಂಬೆ. ಅದರ ಮಣಿಕಟ್ಟಿನ ಪಟ್ಟಿಯಲ್ಲಿ ಹೆಸರು, ಹುಟ್ಟಿದ ದಿನಾಂಕ, ಆಸ್ಪತ್ರೆಯ ನಂಬರು ಎಲ್ಲವೂ ಇವೆ. ಎದುರಿಗೆ ನಿಂತಾಕೆ ಬೆಂಗಳೂರಿನದೋ ಮಂಗಳೂರಿನದೋ ಐಸಿಯುನಲ್ಲಿ ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿ ಬಂದ ನರ್ಸ್. ಆಕೆ ಗೊಂಬೆಗೆ ತನ್ನ ಪರಿಚಯ ಹೇಳಿಕೊಳ್ಳಬೇಕು. ‘ನಿಮ್ಮನ್ನು ಏನಂತ ಕರೆಯಲಿ?’ ಎಂದು ಕೇಳಬೇಕು. ಪಟ್ಟಿಯ ಮೇಲಿನ ಹೆಸರನ್ನೂ ಚಾರ್ಟಿನ ಹೆಸರನ್ನೂ ತಾಳೆ ನೋಡಬೇಕು. ಅಲರ್ಜಿ ಇದೆಯೇ ಎಂದು ವಿಚಾರಿಸಬೇಕು, ಏನು ಮಾಡಲಿದ್ದೇನೆ ಎಂದು ವಿವರಿಸಿ ಒಪ್ಪಿಗೆ ಪಡೆಯಬೇಕು, ಕೈ ತೊಳೆಯಬೇಕು. ಇಷ್ಟೂ ಬಾಯಿಬಿಟ್ಟು ಹೇಳುತ್ತಲೇ ಆಗಬೇಕು. ಪಕ್ಕದಲ್ಲಿರುವ ಪರೀಕ್ಷಕರು ತುಟಿ ಬಿಚ್ಚುವುದಿಲ್ಲ, ಕಾಗದದ ಮೇಲೆ ಗುರುತು ಹಾಕುತ್ತಾ ಹೋಗುತ್ತಾರೆ. ಸೂಜಿ ಚುಚ್ಚುವುದು ಆಕೆಗೆ ನೀರು ಕುಡಿದಷ್ಟು ಸಲೀಸು. ಆದರೆ ಔಷಧ ಕೊಡುವ ಮೊದಲು ಅಲರ್ಜಿಯ ಪ್ರಶ್ನೆ ಮರೆತಳೋ, ಆ ಸ್ಟೇಷನ್ನಿನಲ್ಲಿ ಫೇಲು.

ಇದು ಆಸ್ಕಿ. ವಿದೇಶದಲ್ಲಿ ಓದಿದ ನರ್ಸುಗಳಿಗೆ ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿ, ಇಟ್ಟಿರುವ ಪರೀಕ್ಷೆಯ ಎರಡನೇ ಮೆಟ್ಟಿಲು. ಮೊದಲನೆಯದು ಕಂಪ್ಯೂಟರ್ ಮುಂದೆ ಕುಳಿತು ಬರೆಯುವ ಸಿಬಿಟಿ. ಅದರಲ್ಲಿ ಔಷಧದ ಪ್ರಮಾಣ ಲೆಕ್ಕ ಹಾಕುವ 15 ಪ್ರಶ್ನೆ, ಶುಶ್ರೂಷೆಗೆ ಸಂಬಂಧಿಸಿದ 100 ಪ್ರಶ್ನೆ. ಅದನ್ನು ಭಾರತದಲ್ಲೇ ಬರೆದು ಮುಗಿಸಬಹುದು. ಆಸ್ಕಿಗೆ ಮಾತ್ರ ಬ್ರಿಟನ್ನಿಗೇ ಹೋಗಬೇಕು. ನಾರ್ಥಾಂಪ್ಟನ್, ಆಕ್ಸ್‌ಫರ್ಡ್, ಲೀಡ್ಸ್, ನ್ಯೂಕ್ಯಾಸಲ್, ಉತ್ತರ ಐರ್ಲೆಂಡಿನ ಅಲ್‌ಸ್ಟರ್ ಹೀಗೆ ಕೆಲವೇ ಕೇಂದ್ರಗಳು. ಒಟ್ಟು 10 ಸ್ಟೇಷನ್. ನಾಲ್ಕರಲ್ಲಿ ಒಬ್ಬನೇ ರೋಗಿಯ ಕಥೆ ಮುಂದುವರಿಯುತ್ತದೆ: ತಪಾಸಣೆ, ಆರೈಕೆಯ ಯೋಜನೆ, ಚಿಕಿತ್ಸೆ, ಕೊನೆಗೆ ವರದಿ. ಇನ್ನು ನಾಲ್ಕು ಕೈಕೆಲಸದ್ದು. ಉಳಿದೆರಡು ಮೌನವಾಗಿ ಕುಳಿತು ಬರೆಯುವಂಥವು. ಶುಲ್ಕ 794 ಪೌಂಡು. ಸಾಮಾನ್ಯವಾಗಿ ಕೆಲಸ ಕೊಟ್ಟ ಆಸ್ಪತ್ರೆಯೇ ಇದನ್ನು ಕಟ್ಟುತ್ತದೆ. ಮೂರು ಸಲ ಅವಕಾಶ, ಮೂರರಲ್ಲೂ ಡುಮ್ಕಿಯಾದರೆ ಆರು ತಿಂಗಳು ಕಾದು ಮತ್ತೆ ಮೊದಲಿನಿಂದ ಅರ್ಜಿ.

ಇದರಲ್ಲಿ ಗೊಂಬೆಯ ಜೊತೆ ಮಾತಾಡುವುದೇ ನಮ್ಮ ನರ್ಸುಗಳಿಗೆ ಕಷ್ಟವಾಗುವ ಭಾಗ. ಅದಕ್ಕೆ ಕಾರಣ ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ, ನಮ್ಮ ಜಿಲ್ಲಾಸ್ಪತ್ರೆಯ ಜನರಲ್ ವಾರ್ಡಿಗೆ ಒಮ್ಮೆ ಹೋಗಿ ಬಂದರೆ ಸಾಕು. ಒಬ್ಬ ನರ್ಸಿಗೆ ಆರು ರೋಗಿಗಳು ಎಂಬುದು ಕಾಗದದ ಮೇಲಿನ ಲೆಕ್ಕ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇಡೀ ವಾರ್ಡು ನೋಡಿಕೊಂಡವಳಿಗೆ ರೋಗಿ ‘ಹನ್ನೆರಡನೇ ಬೆಡ್’ ಆಗಿಬಿಡುತ್ತಾನೆ. ಒಪ್ಪಿಗೆ ಕೇಳುತ್ತಾ ನಿಂತರೆ ಮೂವತ್ತನೇ ಬೆಡ್ಡಿಗೆ ತಲುಪುವಷ್ಟರಲ್ಲಿ ಬೆಳಗಾಗುತ್ತದೆ. ಊಟ ಮಾಡಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದೆಲ್ಲ ಜೊತೆಗಿರುವ ಮನೆಯವರ ಪಾಲು. ಬ್ರಿಟನ್ನಿನ ರಿಜಿಸ್ಟರಿಗೆ ಬೇಕಿರುವ ನರ್ಸಿನ ಕೆಲಸದಲ್ಲಿ ಇವೆಲ್ಲ ಮುಖ್ಯ ಭಾಗ. ನಮ್ಮವರಿಗೆ ಕೈಚಳಕದ ಕೊರತೆಯಿಲ್ಲ. ಒಬ್ಬ ರೋಗಿಯ ಮುಂದೆ ಐದು ನಿಮಿಷ ನಿಂತು ಮಾತಾಡುವ ಪುರುಸೊತ್ತನ್ನು ನಮ್ಮ ವ್ಯವಸ್ಥೆ ಅವರಿಗೆ ಯಾವತ್ತೂ ಕೊಟ್ಟಿಲ್ಲ.

ಅಂದಹಾಗೆ, ನರ್ಸುಗಳ ಹೆಸರನ್ನು ಸರ್ಕಾರಿ ಪುಸ್ತಕದಲ್ಲಿ ಬರೆದಿಡುವ ಪದ್ಧತಿಯನ್ನು ಪ್ರತ್ಯೇಕ ಕಾನೂನು ಮಾಡಿ ಮೊದಲು ಆರಂಭಿಸಿದ್ದು ನ್ಯೂಜಿಲೆಂಡ್, 1901ರಲ್ಲಿ. ಮರುವರ್ಷ ಎಲೆನ್ ಡೌಹರ್ಟಿ ಎಂಬಾಕೆಯ ಹೆಸರು ಮೊದಲನೆಯದಾಗಿ ದಾಖಲಾಯಿತು. ಬ್ರಿಟನ್ನಿಗೆ ಈ ಕಾನೂನು ಬಂದದ್ದು 1919ರಲ್ಲಿ. ಅದಕ್ಕೂ ಮೊದಲು ಮೂರು ದಶಕ ಅಲ್ಲಿ ಜಟಾಪಟಿ ನಡೆದಿತ್ತು, ನೋಂದಣಿ ಬೇಡವೆಂದವರಲ್ಲಿ ಸಾಕ್ಷಾತ್ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದ್ದರು. ಒಳ್ಳೆಯ ನರ್ಸ್ ಯಾರೆಂದು ಪರೀಕ್ಷೆ, ಪಟ್ಟಿಗಳಿಂದ ಹೇಳಲಾಗದು ಎಂಬುದು ಅವರ ತಕರಾರು. ಅವರ ಹೆಸರಿನಲ್ಲಿ ದೀಪ ಹಚ್ಚಿ ಪ್ರತಿಜ್ಞೆ ತೆಗೆದುಕೊಳ್ಳುವ ನಮ್ಮ ಹುಡುಗಿಯರು ಇವತ್ತು ದೇಶಕ್ಕೊಂದರಂತೆ ಪಟ್ಟಿಗಳ ಹಿಂದೆ ಅಲೆಯುತ್ತಿದ್ದಾರೆ.

ಪರೀಕ್ಷೆಯ ವಿಷಯ ಇಷ್ಟಾಯಿತು. ಆದರೆ ಹೊರಟವರನ್ನು ಹೆಚ್ಚು ಸತಾಯಿಸುವುದು ಪರೀಕ್ಷೆಯಲ್ಲ, ಕಾಗದ. ಓದಿದ ಹುಡುಗಿ ಇಂದಲ್ಲ ನಾಳೆ ಪಾಸಾಗುತ್ತಾಳೆ. ಕಾಗದ ಅವಳ ಕೈಯಲ್ಲಿಲ್ಲ.

ಹೆಸರಿನಿಂದಲೇ ಶುರು ಮಾಡೋಣ. ಹಾಸನದ ಕಡೆಯ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳು ‘ಸವಿತಾ ಕೆ. ಆರ್.’ ಡಿಗ್ರಿ ಸರ್ಟಿಫಿಕೇಟಿನಲ್ಲಿ ‘ಕೆ. ಆರ್. ಸವಿತಾ’. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ಲುಗಳನ್ನು ಬಿಡಿಸಿ ಬರೆಯಬೇಕೆಂದರು, ಕೆ ಎಂದರೆ ಊರು, ಆರ್ ಎಂದರೆ ಅಪ್ಪ, ಎರಡೂ ಸೇರಿ ಉದ್ದನೆಯ ಹೆಸರಾಯಿತು. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಬಂತು. ಇಂಗ್ಲಿಷ್ ಕಾಗುಣಿತದಲ್ಲಿ ಒಂದೆಡೆ ‘ಎಚ್’ ಇದೆ, ಇನ್ನೊಂದೆಡೆ ಇಲ್ಲ. ನಮಗೆ ಇವರೆಲ್ಲ ಒಬ್ಬಳೇ ಸವಿತಾ. ಲಂಡನ್ನಿನ ಗುಮಾಸ್ತನಿಗೆ ನಾಲ್ವರು ಬೇರೆ ಬೇರೆ ಹೆಂಗಸರು. ಮನೆತನದ ಹೆಸರು ಇಲ್ಲದೆಯೇ ತಲೆಮಾರುಗಳು ಬದುಕಿದ ನಾಡು ನಮ್ಮದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು. ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ ಕೂರುತ್ತದೆ. ಆಮೇಲೆ ಅಫಿಡವಿಟ್ಟು, ನೋಟರಿ, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ಟು.

ಹೆಸರು ಸರಿಯಾದರೆ ಮುಂದಿನದು ಟ್ರಾನ್ಸ್‌ಕ್ರಿಪ್ಟ್. ಅಂಕಪಟ್ಟಿಯಿಂದ ಕೆಲಸ ಆಗುವುದಿಲ್ಲ. ಯಾವ ವಿಷಯವನ್ನು ಎಷ್ಟು ಗಂಟೆ ಓದಿದಳು, ಮಕ್ಕಳ ವಾರ್ಡಿನಲ್ಲಿ ಎಷ್ಟು ಗಂಟೆ, ಮಾನಸಿಕ ಆರೋಗ್ಯ ವಿಭಾಗದಲ್ಲಿ ಎಷ್ಟು, ಹೆರಿಗೆ ವಾರ್ಡಿನಲ್ಲಿ ಎಷ್ಟು ಎಂಬ ಲೆಕ್ಕ ಬೇಕು. ಯುರೋಪಿನ ಒಕ್ಕೂಟದ ನಿಯಮದ ಪ್ರಕಾರ ಸಾಮಾನ್ಯ ನರ್ಸಿಂಗ್ ಶಿಕ್ಷಣವೆಂದರೆ ಕನಿಷ್ಠ 4,600 ಗಂಟೆ, ಅದರಲ್ಲಿ ಅರ್ಧದಷ್ಟಾದರೂ ರೋಗಿಗಳ ನಡುವೆ. ಐರ್ಲೆಂಡೂ ಜರ್ಮನಿಯೂ ತೂಗುವುದು ಈ ಅಳತೆಯಲ್ಲೇ. ಲೆಕ್ಕ ಕಡಿಮೆ ಬಿದ್ದರೆ ಜರ್ಮನಿಯವರು ಕೊರತೆಗಳ ಪಟ್ಟಿಯನ್ನೇ ಕಳಿಸುತ್ತಾರೆ. ಅದನ್ನು ತುಂಬಲು ಅಲ್ಲಿ ಹೋಗಿ ತಿಂಗಳುಗಟ್ಟಲೆ ಹೊಂದಾಣಿಕೆ ತರಬೇತಿ ಪಡೆಯಬೇಕು, ಇಲ್ಲವೇ ಜ್ಞಾನಪರೀಕ್ಷೆ ಬರೆಯಬೇಕು, ಅದೂ ಜರ್ಮನ್ ಭಾಷೆಯಲ್ಲಿ. ಕಾಲೇಜಿನಲ್ಲಿ ಆ ಗಂಟೆಗಳು ನಿಜಕ್ಕೂ ನಡೆದಿದ್ದವೇ ಎಂಬುದು ಬೇರೆ ಪ್ರಶ್ನೆ. ಸ್ವಂತ ಆಸ್ಪತ್ರೆಯಿಲ್ಲದೆ ಎರಡನೇ ಮಹಡಿಯಲ್ಲಿ ಬೋರ್ಡು ಹಾಕಿಕೊಂಡ ನರ್ಸಿಂಗ್ ಕಾಲೇಜುಗಳನ್ನು ಕಂಡ ನಮಗೆ ಉತ್ತರ ಗೊತ್ತು.

ಆಮೇಲೆ ಕೌನ್ಸಿಲ್. ನಮ್ಮಲ್ಲಿ ನರ್ಸಿಂಗ್ ಓದಿದವರು 1961ರ ರಾಜ್ಯ ಕಾಯ್ದೆಯಡಿ ಇರುವ ಕರ್ನಾಟಕ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸುತ್ತಾರೆ. ದೇಶಕ್ಕೊಂದು ಮಟ್ಟ ಇರಲಿ ಎಂದು 1947ರ ಕಾಯ್ದೆಯಿಂದ ಹುಟ್ಟಿದ್ದು ಭಾರತೀಯ ನರ್ಸಿಂಗ್ ಕೌನ್ಸಿಲ್. ವಿದೇಶದ ಕೌನ್ಸಿಲ್ ಅಭ್ಯರ್ಥಿಯ ಮಾತನ್ನೂ ಅವಳು ಕೊಟ್ಟ ಜೆರಾಕ್ಸನ್ನೂ ನಂಬುವುದಿಲ್ಲ, ಮೂಲವನ್ನೇ ಕೇಳುತ್ತದೆ. ‘ಈಕೆ ನಿಮ್ಮ ಪಟ್ಟಿಯಲ್ಲಿದ್ದಾಳೆಯೇ? ಈಕೆಯ ಮೇಲೆ ದೂರಿದೆಯೇ?’ ಈ ಪ್ರಶ್ನೆಗೆ ರಾಜ್ಯದ ಕೌನ್ಸಿಲ್ಲೇ ನೇರವಾಗಿ ಉತ್ತರ ಕಳಿಸಬೇಕು. ಗಲ್ಫ್ ದೇಶಗಳ ಪರವಾಗಿ ಈ ವಿಚಾರಣೆ ಮಾಡುವುದು ಡೇಟಾಫ್ಲೋ ಎಂಬ ಕಂಪನಿ. ಕಾಲೇಜಿಗೆ, ಕೌನ್ಸಿಲಿಗೆ, ಹಳೆಯ ಆಸ್ಪತ್ರೆಗೆ ಅದು ಪತ್ರ ಬರೆಯುತ್ತದೆ. ಉತ್ತರ ಬಾರದಿದ್ದರೆ ‘ಪರಿಶೀಲಿಸಲಾಗಲಿಲ್ಲ’ ಎಂದು ವರದಿ ಹಾಕುತ್ತದೆ. ಇಮೇಲ್ ತೆರೆದು ನೋಡುವವರಿಲ್ಲದ ಕಾಲೇಜು, ಮುಚ್ಚಿಹೋದ ಕಾಲೇಜು, ಅನುಭವ ಪತ್ರ ಕೊಡಲು ‘ಬಾಂಡ್ ಮುಗಿಸು’ ಎಂದು ಸರ್ಟಿಫಿಕೇಟ್ ಹಿಡಿದಿಟ್ಟುಕೊಂಡ ನರ್ಸಿಂಗ್ ಹೋಂ, ಇವುಗಳಲ್ಲಿ ಯಾವುದಾದರೂ ಒಂದು ಸಾಕು ಸರಪಳಿ ತುಂಡಾಗಲು.

ಕರ್ನಾಟಕದವರಿಗೆ ಇನ್ನೊಂದು ಗಂಟು ಬಿದ್ದಿತ್ತು. ಕಾಲೇಜುಗಳಿಗೆ ಮಾನ್ಯತೆ ಕೊಡಬೇಕಾದವರು ಯಾರು, ಭಾರತೀಯ ಕೌನ್ಸಿಲೋ ರಾಜ್ಯವೋ ಎಂಬ ಜಗಳ ಹೈಕೋರ್ಟ್ ಮೆಟ್ಟಿಲೇರಿತು. 2017ರಲ್ಲಿ ಹೈಕೋರ್ಟ್ ಭಾರತೀಯ ಕೌನ್ಸಿಲಿಗೆ ಆ ಅಧಿಕಾರ ಇಲ್ಲವೆಂದಿತು. ಕಾಲೇಜುಗಳ ಆಡಳಿತ ಮಂಡಳಿಗಳಿಗೆ ಅದು ಗೆಲುವು. ಹೊರರಾಜ್ಯಕ್ಕೂ ಹೊರದೇಶಕ್ಕೂ ಹೋಗಬೇಕೆಂದಿದ್ದ ವಿದ್ಯಾರ್ಥಿಗಳಿಗೆ, ಮುಖ್ಯವಾಗಿ ಇಲ್ಲಿ ಓದಲು ಬಂದ ಕೇರಳದ ಮಕ್ಕಳಿಗೆ, ತಮ್ಮ ಕಾಲೇಜಿನ ಹೆಸರು ದೆಹಲಿಯ ಪಟ್ಟಿಯಲ್ಲಿ ಕಾಣದೆ ಹೋದೀತೆಂಬ ಆತಂಕ. ದೊಡ್ಡವರು ಅಧಿಕಾರಕ್ಕೆ ಹೊಡೆದಾಡುವಾಗ ಹುಡುಗಿಯ ಟ್ರಾನ್ಸ್‌ಕ್ರಿಪ್ಟಿನ ಗತಿಯೇನು ಎಂದು ಯಾರೂ ಕೇಳಲಿಲ್ಲ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಮಾಡಿತು. ರಾಷ್ಟ್ರಮಟ್ಟದ ಆನ್‌ಲೈನ್ ರಿಜಿಸ್ಟರ್ ಅದರ ಭರವಸೆಗಳಲ್ಲಿ ಒಂದು. ಅದು ಸರಿಯಾಗಿ ನಡೆದರೆ ಅರ್ಧ ಅಲೆದಾಟ ತಪ್ಪುತ್ತದೆ.

ಇಂಗ್ಲಿಷಿನ ಕಥೆ ಬೇರೆ. ನಾಲ್ಕು ವರ್ಷ ಇಂಗ್ಲಿಷಿನಲ್ಲೇ ಪಾಠ ಕೇಳಿ, ಇಂಗ್ಲಿಷಿನಲ್ಲೇ ಪರೀಕ್ಷೆ ಬರೆದು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದರೂ ಬ್ರಿಟನ್ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಕೇಳುತ್ತದೆ. ಐಇಎಲ್‌ಟಿಎಸ್‌ನಲ್ಲಿ ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ 7 ಬರಬೇಕು. ಬರವಣಿಗೆಗೂ ಮೊದಲು 7 ಕೇಳುತ್ತಿದ್ದರು. ತೀರಾ ಹೆಚ್ಚಾಯಿತೆಂಬ ಕೂಗೆದ್ದ ಮೇಲೆ 2018ರ ಡಿಸೆಂಬರಿನಲ್ಲಿ ಅದನ್ನು 6.5ಕ್ಕೆ ಇಳಿಸಿದರು. ಅದರ ಬರವಣಿಗೆಯಲ್ಲಿ ನಗರದ ಟ್ರಾಫಿಕ್ ಬಗ್ಗೆಯೋ ಮಕ್ಕಳ ಮೊಬೈಲ್ ಗೀಳಿನ ಬಗ್ಗೆಯೋ ಪ್ರಬಂಧ ಬರೆಯಬೇಕಾಗಬಹುದು. ಅದಕ್ಕೂ ನರ್ಸಿಂಗ್‌ಗೂ ಏನು ನಂಟು? ನನ್ನ ಮಟ್ಟಿಗೆ ಒಇಟಿ ಹೆಚ್ಚು ನ್ಯಾಯವಾದದ್ದು. ಅಲ್ಲಿ ಕೊಡುವುದು ಒಬ್ಬ ರೋಗಿಯ ಟಿಪ್ಪಣಿಗಳು. ಅದನ್ನು ಓದಿಕೊಂಡು, ಆತನನ್ನು ಮುಂದೆ ನೋಡಿಕೊಳ್ಳುವವರಿಗೆ 45 ನಿಮಿಷದಲ್ಲಿ ಒಂದು ಪತ್ರ ಬರೆಯಬೇಕು. ಮಾತಿನ ಪರೀಕ್ಷೆಯಲ್ಲಿ ಹೆದರಿದ ತಾಯಿಗೋ ಸಿಡುಕುವ ಅಜ್ಜನಿಗೋ ಸಮಾಧಾನ ಹೇಳಬೇಕು. ನಮ್ಮ ನರ್ಸಮ್ಮಂದಿರು ದಿನಾ ಕನ್ನಡದಲ್ಲಿ ಮಾಡುವ ಕೆಲಸವೇ ಇದು.

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದಿ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾಡಿದ ಚಿತ್ರದುರ್ಗ, ರಾಯಚೂರು ಕಡೆಯ ಹುಡುಗಿಯರು ಎಡವುವುದು ಇಲ್ಲೇ. ಅಂಕದ ಅವಧಿಯೂ ಎರಡೇ ವರ್ಷ. ಕೌನ್ಸಿಲಿನ ಪತ್ರ ಬರುವಷ್ಟರಲ್ಲಿ ಐಇಎಲ್‌ಟಿಎಸ್ ಅವಧಿ ಮುಗಿದು ಮತ್ತೆ ಹಣ ಕಟ್ಟಿ ಬರೆಯಬೇಕಾದ ಪಾಡು ಹೊಸದೇನಲ್ಲ. 2023ರಿಂದ ಬ್ರಿಟನ್ ಸ್ವಲ್ಪ ಸಡಿಲಿಸಿದೆ. ಅಲ್ಲಿ ಒಂದು ವರ್ಷ ಸಹಾಯಕಿಯಾಗಿ ದುಡಿದವರಿಗೆ, ಅಥವಾ ಕೂದಲೆಳೆಯಲ್ಲಿ ಅಂಕ ತಪ್ಪಿದವರಿಗೆ, ಇವರಿಗೆ ಇಂಗ್ಲಿಷ್ ಬರುತ್ತದೆ ಎಂದು ಅಲ್ಲಿನ ಆಸ್ಪತ್ರೆಯವರು ಬರೆದುಕೊಡಬಹುದು. ಇಲ್ಲಿ ಸ್ಟಾಫ್ ನರ್ಸ್ ಆಗಿದ್ದು, ಅಲ್ಲಿನ ವೃದ್ಧಾಶ್ರಮಗಳಲ್ಲಿ ಆರೈಕೆ ಸಹಾಯಕಿಯಾಗಿ ಉಳಿದುಬಿಟ್ಟಿದ್ದವರಿಗೆ ಇದರಿಂದ ದಾರಿ ಸಿಕ್ಕಿತು.

ಬ್ರಿಟನ್ನಿಗೆ ಕಾಲಿಟ್ಟ ಕೂಡಲೇ ಗಡಿಯಾರ ಓಡತೊಡಗುತ್ತದೆ. ಕೆಲಸ ಶುರುವಾದ 12 ವಾರದೊಳಗೆ ಮೊದಲ ಆಸ್ಕಿ, 8 ತಿಂಗಳೊಳಗೆ ಪಾಸು. ಇಲ್ಲದಿದ್ದರೆ ವೀಸಾಕ್ಕೇ ಸಂಚಕಾರ. ಅಲ್ಲಿಯವರೆಗೆ ಕೆಳಗಿನ ದರ್ಜೆಯ ಸಂಬಳ. ‘ಪಿನ್ ಬಂತಾ?’ ಎಂಬುದು ಅಲ್ಲಿನ ನಮ್ಮ ನರ್ಸುಗಳು ಒಬ್ಬರಿಗೊಬ್ಬರು ಕೇಳುವ ಮೊದಲ ಪ್ರಶ್ನೆ. ಪಿನ್ ಎಂದರೆ ಎನ್‌ಎಂಸಿ ರಿಜಿಸ್ಟರಿನ ನಂಬರು. 2024ರ ಮಾರ್ಚ್ ಅಂತ್ಯಕ್ಕೆ ಆ ರಿಜಿಸ್ಟರಿನಲ್ಲಿ 8.26 ಲಕ್ಷ ಹೆಸರುಗಳಿದ್ದವು, ಅವುಗಳಲ್ಲಿ ಸುಮಾರು 2 ಲಕ್ಷ ಹೊರದೇಶಗಳಲ್ಲಿ ಓದಿದವರದು. ಅವರಲ್ಲಿ ಭಾರತ, ಫಿಲಿಪ್ಪೀನ್ಸ್‌ನವರೇ ಮುಂದು. ಆದರೆ ಬಾಗಿಲು ಸದಾ ಇಷ್ಟೇ ಅಗಲವಾಗಿ ತೆರೆದಿರುವುದಿಲ್ಲ. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೊರದೇಶಗಳಿಂದ ಹೊಸದಾಗಿ ಸೇರಿದವರ ಸಂಖ್ಯೆ ಹಿಂದಿನ ವರ್ಷದ ಇದೇ ಅವಧಿಯ ಅರ್ಧದಷ್ಟಕ್ಕೆ ಕುಸಿಯಿತು. ‘ಬ್ರಿಟನ್ನಿನಲ್ಲಿ ನರ್ಸುಗಳಿಗೆ ಭಾರೀ ಬೇಡಿಕೆ’ ಎಂಬ ಪೋಸ್ಟರ್ ಅಂಟಿಸಿರುವ ಕೋಚಿಂಗ್ ಸೆಂಟರುಗಳು ಇದನ್ನು ಹೇಳುವುದಿಲ್ಲ.

ಅಮೆರಿಕದ್ದು ಇನ್ನೊಂದು ವಿಚಿತ್ರ. ಅಲ್ಲಿ ನರ್ಸ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಐದು ಗಂಟೆಯ ಅವಧಿ. ಸರಿಯುತ್ತರ ಕೊಟ್ಟಂತೆ ಕಂಪ್ಯೂಟರ್ ಕಠಿಣ ಪ್ರಶ್ನೆ ಎಸೆಯುತ್ತದೆ, ತಪ್ಪಿದರೆ ಸುಲಭದ್ದಕ್ಕೆ ಇಳಿಯುತ್ತದೆ. 85 ಪ್ರಶ್ನೆಗೇ ತೆರೆ ಆರಿಹೋಗಬಹುದು, 150ರವರೆಗೂ ಎಳೆಯಬಹುದು. ಪಾಸಾದವಳು ಕುಣಿದಾಡುವಂತಿಲ್ಲ. ಗ್ರೀನ್ ಕಾರ್ಡಿನ ಇಬಿ-3 ಎಂಬ ಸಾಲಿನಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿಯಿದೆ. ಭಾರತದ ಪಾಲಿನ ಆ ಸಾಲಿನಲ್ಲಿ ಅವಳ ಮುಂದೆ ನಿಂತಿರುವವರಲ್ಲಿ ಬಹುಪಾಲು ಯಾರು ಗೊತ್ತೇ? ಸಾಫ್ಟ್‌ವೇರ್ ಎಂಜಿನಿಯರುಗಳು. 2025ರಲ್ಲಿ ಸರದಿ ಬಂದದ್ದು 2013ರ ಸುಮಾರಿಗೆ ಅರ್ಜಿ ಹಾಕಿದ್ದವರಿಗೆ. ವೈಟ್‌ಫೀಲ್ಡಿನ ಟೆಕ್ಕಿಯೂ ಅವನ ತಾಯಿಗೆ ಡ್ರಿಪ್ ಹಾಕಿದ ನರ್ಸೂ ಒಂದೇ ಕ್ಯೂನಲ್ಲಿ!

ಆಸ್ಟ್ರೇಲಿಯಾ 2020ರಿಂದ ಎನ್‌ಕ್ಲೆಕ್ಸ್ ಜೊತೆಗೆ ಅಡಿಲೇಡಿನಲ್ಲಿ ಆಸ್ಕಿಯನ್ನೂ ಇಟ್ಟಿದೆ. ಆದರೆ 2025ರಿಂದ, ಬ್ರಿಟನ್, ಐರ್ಲೆಂಡ್, ಸಿಂಗಪುರದಂಥ ಕೆಲವು ದೇಶಗಳಲ್ಲಿ ನೋಂದಾಯಿಸಿಕೊಂಡು 1,800 ಗಂಟೆ ದುಡಿದವರಿಗೆ ಎರಡರಿಂದಲೂ ವಿನಾಯಿತಿ ಸಿಗುವ ದಾರಿ ತೆರೆದಿದೆ. ಹೀಗಾಗಿ ಮೊದಲು ಬ್ರಿಟನ್, ಆಮೇಲೆ ಆಸ್ಟ್ರೇಲಿಯಾ ಎಂದು ನಕ್ಷೆ ಹಾಕಿಕೊಂಡೇ ಹೊರಡುವವರಿದ್ದಾರೆ. ಸಂಬಳ, ಬಿಸಿಲು ಎರಡೂ ಅಲ್ಲಿ ಹೆಚ್ಚು.

ದುಡ್ಡಿನ ವಿಷಯಕ್ಕೆ ಬರೋಣ. 2015ರಲ್ಲಿ ಕುವೈತ್‌ಗೆ ನರ್ಸುಗಳನ್ನು ಕಳಿಸುವ ಕೊಚ್ಚಿಯ ಒಂದು ಏಜೆನ್ಸಿ ಮೇಲೆ ಸಿಬಿಐ ಮೊಕದ್ದಮೆ ಹೂಡಿತು. 19,500 ರೂಪಾಯಿ ಪಡೆಯಬೇಕಾದಲ್ಲಿ ಒಬ್ಬೊಬ್ಬರಿಂದ 19.5 ಲಕ್ಷ ವಸೂಲಿ ಮಾಡಿದರು ಎಂಬುದು ಆರೋಪ. ಅದೇ ವರ್ಷ ಕೇಂದ್ರ ಸರ್ಕಾರ ಗಲ್ಫ್ ಸೇರಿ 18 ದೇಶಗಳಿಗೆ ಹೋಗುವ ನರ್ಸುಗಳ ನೇಮಕ ಸರ್ಕಾರಿ ಏಜೆನ್ಸಿಗಳ ಮೂಲಕವೇ ಆಗಬೇಕೆಂದು ಕಟ್ಟುಮಾಡಿತು. ಅಂಥ ಏಜೆನ್ಸಿಗಳಲ್ಲಿ ಕೇರಳದ ಒಡೆಪೆಕ್ 1977ರಿಂದ ಇದೆ, ಅಲ್ಲೇ ನೋರ್ಕಾ ರೂಟ್ಸ್ ಕೂಡ ಇದೆ. ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯ ಜೊತೆ 2021ರಲ್ಲಿ ಒಪ್ಪಂದ ಮಾಡಿಕೊಂಡು, ಅಭ್ಯರ್ಥಿಗೆ ಖರ್ಚಿಲ್ಲದೆ ಜರ್ಮನ್ ಕಲಿಸಿ ಕಳಿಸುವ ಯೋಜನೆಯನ್ನು ನೋರ್ಕಾ ನಡೆಸುತ್ತಿದೆ. ತಮಿಳುನಾಡಿನ ಸಾಗರೋತ್ತರ ಮಾನವಶಕ್ತಿ ನಿಗಮಕ್ಕೂ 1978ರಷ್ಟು ಹಳೆಯ ಚರಿತ್ರೆಯಿದೆ. ನಮ್ಮಲ್ಲಿ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಆದರೆ ಅದು ತೀರಾ ಈಚಿನದು. ತಾಲ್ಲೂಕು ಮಟ್ಟದಲ್ಲಿ ಅದರ ಹೆಸರು ಕೇಳಿದವರು ವಿರಳ.

ನನಗೆ ಇರಿಸುಮುರಿಸಾಗುವುದು ಇದೇ ಜಾಗದಲ್ಲಿ. ದೇಶಕ್ಕೆಲ್ಲ ನರ್ಸಿಂಗ್ ಸೀಟು ಮಾರಿದ ರಾಜ್ಯ ನಮ್ಮದು. ಕೊಟ್ಟಾಯಂ, ಪತ್ತನಂತಿಟ್ಟದ ಮಕ್ಕಳು ಬೆಂಗಳೂರು, ಮಂಗಳೂರು, ತುಮಕೂರಿನಲ್ಲಿ ಓದಿ ತಮ್ಮ ರಾಜ್ಯದ ಬೆಂಬಲ, ಮೊದಲೇ ಹೋದ ಅಕ್ಕ-ಚಿಕ್ಕಮ್ಮಂದಿರ ಬಲದಿಂದ ಹಾರಿಹೋದರು. ಅದು ಅವರ ಜಾಣತನ, ತಪ್ಪಲ್ಲ. ಇಲ್ಲಿಯದೇ ಮಣ್ಣಿನ ಹುಡುಗಿಗೆ ಮಾತ್ರ ದಾರಿ ಹೇಳುವವರು ಬಸ್‌ಸ್ಟ್ಯಾಂಡಿನ ಗೋಡೆಯ ಪೋಸ್ಟರಿನವರು.

‘ಎಲ್ಲರೂ ಹೋದರೆ ಇಲ್ಲಿಯ ರೋಗಿಗಳ ಗತಿ?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಾವಿರ ಜನಕ್ಕೆ ಮೂವರು ನರ್ಸುಗಳಿರಬೇಕೆಂಬ ಅಳತೆಗೆ ಎದುರಾಗಿ ಸರ್ಕಾರವೇ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ 1.96. ಆದರೆ ಆ ಪ್ರಶ್ನೆಯನ್ನು ಕೇಳಬೇಕಾದದ್ದು ಹುಡುಗಿಯನ್ನಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ರಚನೆಯಾದ ಸಮಿತಿ, ಎಷ್ಟೇ ಸಣ್ಣ ಖಾಸಗಿ ಆಸ್ಪತ್ರೆಯಾದರೂ ನರ್ಸಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಇಷ್ಟು ವರ್ಷವಾದರೂ ಅದಕ್ಕಿಂತ ಕಡಿಮೆಗೆ ದುಡಿಯುವವರು ನಮ್ಮ ಪಟ್ಟಣಗಳ ನರ್ಸಿಂಗ್ ಹೋಂಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ಆ ಸಂಬಳ ಕೊಟ್ಟು ಸೇವೆಯ ಮಾತಾಡುವುದು ಸಲ್ಲದು.

ಮಗಳನ್ನು ಕಳಿಸಲು ಹೊರಟ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಕಾನೂನಿನ ಪ್ರಕಾರ ನೇಮಕಾತಿ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಆತ ನೋಂದಾಯಿತನೋ ಅಲ್ಲವೋ ಎಂಬುದು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ಯಾರಿಗೂ ಕಾಣುತ್ತದೆ. ಲಕ್ಷಗಳ ಮಾತು ಬಂದರೆ ಜಮೀನು ಅಡ ಇಡುವ ಮೊದಲು ಅಲ್ಲೊಮ್ಮೆ ನೋಡಿ. ಇನ್ನು ಸರ್ಕಾರಕ್ಕೆ: ಜಾತಿ ಪ್ರಮಾಣಪತ್ರಕ್ಕೆ ಇಷ್ಟು ದಿನ, ಖಾತೆ ಬದಲಾವಣೆಗೆ ಇಷ್ಟು ದಿನ ಎಂದು 2011ರಲ್ಲೇ ಸಕಾಲ ಕಾಯ್ದೆ ಮಾಡಿದ ರಾಜ್ಯ ಇದು. ನರ್ಸಿನ ಟ್ರಾನ್ಸ್‌ಕ್ರಿಪ್ಟಿಗೆ, ವಿದೇಶಿ ಕೌನ್ಸಿಲ್ ಕೇಳಿದ ಪತ್ರಕ್ಕೆ ಅದೇ ಬಿಗಿಯಲ್ಲಿ ಗಡುವು ಹಾಕಿ, ತಪ್ಪಿದ ಅಧಿಕಾರಿಯಿಂದ ದಂಡ ವಸೂಲು ಮಾಡಲಿ.